ಇನ್ನೂರಿಪ್ಪತ್ತೆರಡು ಸುತ್ತು ಹೆಚ್ಚು

ನಿಪ್ಪಾಣಿ
ತಾ. 18-7-1988

ಶೇಡಬಾಳದ ಮೋಟಾರ್ ರಿವೈಂಡಿಂಗ್ ಭೀಮಗೊಂಡ ಕಾಕಾ ಅವರಿಗೆ,

ನಿಪ್ಪಾಣಿಯಿಂದ ಅಣ್ಣಾಸಾಬನ ನಮಸ್ಕಾರಗಳು. ಯಾವ ಅಣ್ಣಾಸಾಬ ಎಂದು ಹುಬ್ಬು ಗಂಟಿಕ್ಕಬೇಡಿ. ಈ ಬೇಸಿಗೆಯಲ್ಲಿ ಕಾಗವಾಡದ ಮದುವೆಯೊಂದರಲ್ಲಿ ನಮ್ಮ ಆರ್ಕೆಸ್ಟ್ರಾದ ಆಂಪ್ಲಿಫೈಯರ್ ಹೊಗೆ ಉಗುಳಿ ಕೂತಿತ್ತು. ನೀವು ಊಟದ ಪಂಕ್ತಿಯಿಂದ ಎದ್ದು ಬಂದು, ಕೈ ತೊಳೆದು, ಒಂದು ತಾಸಿನಲ್ಲಿ ಅದಕ್ಕೆ ಜೀವ ತುಂಬಿದಿರಿ. ಆಗ ನಿಮ್ಮ ಪಕ್ಕದಲ್ಲಿ ತಂತಿ ಕತ್ತರಿಸುವ ಪಕ್ಕಡ ಹಿಡಿದು ನಿಂತಿದ್ದ ಕೆಂಪು ಗಿಟಾರಿನವನೇ ನಾನು.

ನಿನ್ನೆ ಗಿಟಾರ್ ಹೆಗಲಿಗೆ ಹಾಕಿಕೊಂಡು ಶೇಡಬಾಳಕ್ಕೆ ಬಂದಿದ್ದೆ. ನಿಮ್ಮ ಅಂಗಡಿಯ ಮಾಲಕಿ ತಾರಾಬಾಯಿ ಅಜ್ಜಿ ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕೂತಿದ್ದರು. "ಅಂವ ಯಾರದೋ ಬಾವ್ಯಾಗ ಇಳದಾನ, ಮೋಟಾರ್ ಎತ್ತಾಕ. ಯಾವಾಗ ಬರ್ತಾನೋ ಏನೋ. ಇಟ್ಟು ಹೋಗಪಾ, ನಾ ನೋಡ್ಕೋತೀನಿ" ಎಂದು ಒಂದು ಲೋಟ ಮಜ್ಜಿಗೆ ಕೊಟ್ಟರು. ಬಸ್ಸಿನ ಗಡಿಬಿಡಿಯಲ್ಲಿ ಗಿಟಾರಿಗೆ ಏನಾಗಿದೆ ಎಂದು ಒಂದು ಚೀಟಿ ಬರೆದಿಡುವುದನ್ನೂ ಮರೆತು ಬಂದೆ. ಅದಕ್ಕೇ ಈ ಪತ್ರ.

ತಂತಿಗಳ ಕೆಳಗೆ ಒಂದು ಕರಿ ಡಬ್ಬಿ ಇದೆಯಲ್ಲ, ಅದಕ್ಕೆ ಪಿಕಪ್ ಎನ್ನುತ್ತಾರೆ. ಒಳಗೆ ಅಯಸ್ಕಾಂತ, ಅದರ ಸುತ್ತ ಸಣ್ಣ ತಂತಿಯ ಕಾಯಿಲ್. ಮೇಲಿನ ತಂತಿ ನಡುಗಿದ್ದನ್ನು ಅದು ಹಿಡಿದು ಆಂಪ್ಲಿಫೈಯರಿಗೆ ಮುಟ್ಟಿಸುತ್ತದೆ. ಹೋದ ತಿಂಗಳು ಬೇಡಕಿಹಾಳದ ಮದುವೆಯಲ್ಲಿ ಅರ್ಧ ಹಾಡಿಗೆ ಗಿಟಾರ್ ಮೂಕವಾಯಿತು. ವೈರಿನ ಪಿನ್ ಚುಚ್ಚುವ ಜಾಗ ಅಲುಗಿಸಿದರೆ ಒಮ್ಮೊಮ್ಮೆ ಕರಕರ ಎನ್ನುತ್ತದೆ, ಅಷ್ಟೇ. ಕೊಲ್ಲಾಪುರದಲ್ಲಿ ತೋರಿಸಿದರೆ, ಕಲ್ಕತ್ತೆಯ ಹಳೆಯ ಮಾಲು, ಬಿಸಾಡು ಎಂದರು.

ಬಿಸಾಡಲು ನನಗೆ ಆಗುವುದಿಲ್ಲ ಕಾಕಾ. ಹಗಲೆಲ್ಲ ನಾನು ತಂಬಾಕಿನ ವಖಾರಿಯಲ್ಲಿ ಚೀಲ ತೂಗುವವನು. ಅಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸ್ಟೇಜಿನ ಮೇಲೆ ಮಾತ್ರ ನಾನು ಅಣ್ಣಾಸಾಬ. ಈಗ ನಮ್ಮ ಆರ್ಕೆಸ್ಟ್ರಾದ ಮಾಲಕ ಬಾಳಾಸಾಬ, "ಕ್ಯಾಸಿಯೋ ಕೀಬೋರ್ಡಿನ್ಯಾಗ ಗಿಟಾರಿನ ಬಟನ್ನೂ ಐತ್ಯೋ. ಒತ್ತಿದ್ರ ಆತು, ನಿನ್ನ ಕೆಲಸ ಏನೈತಿ?" ಎನ್ನತೊಡಗಿದ್ದಾನೆ. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವುದರೊಳಗೆ ಗಿಟಾರ್ ಹಾಡದಿದ್ದರೆ ನನ್ನ ಜಾಗ ಹೋಯಿತೆಂದೇ ತಿಳಿಯಿರಿ.

ನೀವು ಇನ್ನೂ ಡಬ್ಬಿ ಮುಟ್ಟಿರಲಿಕ್ಕಿಲ್ಲ. ಆದರೂ ಉಪಕಾರವಾಯಿತು ಎಂದು ಮುಂಗಡವಾಗಿಯೇ ಬರೆದಿಡುತ್ತೇನೆ.

ನಿಮ್ಮ ದಾರಿ ಕಾಯುವ,
ಅಣ್ಣಾಸಾಬ


ಶೇಡಬಾಳ
ತಾ. 27-7-1988

ಚಿ. ಅಣ್ಣಾಸಾಬನಿಗೆ ಆಶೀರ್ವಾದ.

ನಾವೆಲ್ಲ ಕ್ಷೇಮ. ನಿನ್ನ ಗಿಟಾರ್ ಕ್ಷೇಮ ಎಂದು ಬರೆಯುವ ಹಾಗಿಲ್ಲ. ಡಬ್ಬಿ ಬಿಚ್ಚಿದೆ. ಒಳಗಿನ ಕಾಯಿಲ್ ಸುಟ್ಟಿದೆ. ಪೂರಾ ತೆಗೆದು ಹೊಸದಾಗಿ ಸುತ್ತಬೇಕು. ಪಿನ್ ಚುಚ್ಚುವ ಸಾಕೆಟ್ಟಿನ ಬೆಸುಗೆಯೂ ಬಿಟ್ಟಿತ್ತು, ಅದನ್ನು ಹಾಕಿದ್ದೇನೆ.

ನಿನ್ನ ಪತ್ರ ನಾನು ಡಬ್ಬಿ ಬಿಚ್ಚಿದ ಎರಡು ದಿನದ ಮೇಲೆ ಬಂತು. ಮೊದಲೇ ಬಂದಿದ್ದರೆ ಚೆನ್ನಾಗಿತ್ತು. ಇರಲಿ.

ನನಗೆ ಗಿಟಾರ್ ಗೊತ್ತಿಲ್ಲ. ಸುತ್ತುವುದು ಗೊತ್ತು. ಮೂವತ್ತು ವರ್ಷದಿಂದ ಈ ಭಾಗದ ಬಾವಿಗಳ ಮೋಟಾರು ಸುತ್ತಿದ್ದೇನೆ. ಆದರೆ ಈ ತಂತಿ ಬೇರೆ ಜಾತಿಯದು. ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದೇನೆ. ತುಳಸಿ ಲಗ್ನದೊಳಗೆ ನಿನ್ನ ಗಿಟಾರ್ ಹಾಡುತ್ತದೆ. ಇದು ನನ್ನ ಮಾತು.

ಮಜೂರಿಯ ವಿಷಯ ಎತ್ತಬೇಡ. ಕೊಡುತ್ತೇನೆ ಎಂದರೂ ತೆಗೆದುಕೊಳ್ಳುವುದಿಲ್ಲ.

ಇಂತಿ,
ಭೀಮಗೊಂಡ


ನಿಪ್ಪಾಣಿ
ತಾ. 14-8-1988

ತೀರ್ಥರೂಪ ಸಮಾನ ಭೀಮಗೊಂಡ ಕಾಕಾ ಅವರಿಗೆ ಅಣ್ಣಾಸಾಬನ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ನಮ್ಮವ್ವ ಲಕ್ಕವ್ವ ಬೀಡಿ ಕಟ್ಟುವವಳು. ಮಡಿಲಲ್ಲಿ ಮೊರ ಇಟ್ಟುಕೊಂಡು, ಕೈ ನಿಲ್ಲಿಸದೆ ಕೇಳಿಸಿಕೊಂಡಳು. "ಗುರ್ತಿಲ್ಲ, ಪರಿಚಯ ಇಲ್ಲ, ಮಜೂರಿ ಬ್ಯಾಡ ಅಂತಾನಂದ್ರ ದೇವರಂಥಾ ಮನಶ್ಯಾ ಇರಬೇಕ್ ನೋಡು" ಎಂದಳು. ನಾನೂ ಅದನ್ನೇ ಯೋಚಿಸುತ್ತಿದ್ದೇನೆ. ಸ್ವಂತ ಸೋದರಮಾವ ನನ್ನ ಗಿಟಾರಿಗೆ ಡಬ್ಬಾ ಎನ್ನುತ್ತಾನೆ. ನೀವು ಎಲ್ಲಿಯವರೋ, ನನಗಾಗಿ ಊರೂರು ತಂತಿ ಹುಡುಕುತ್ತಿದ್ದೀರಿ. ಈ ಋಣ ಹೇಗೆ ತೀರಿಸಲಿ?

ಒಂದು ಮಾತು ಹೇಳಿದರೆ ನಗುತ್ತೀರಿ. ಕಾಯಿಲ್ ಸುಟ್ಟಿದೆ ಎಂದು ನೀವು ಬರೆದದ್ದೇ ತಡ, ನನ್ನ ಬೆಲೆ ಏರಿಬಿಟ್ಟಿದೆ. ನಾನು ಬಾರಿಸಿದ ಜೋರಿಗೆ ಒಳಗಿನ ತಂತಿಯೇ ಸುಟ್ಟುಹೋಯಿತು ಎಂದು ಚಹಾದಂಗಡಿಯಲ್ಲಿ ಹೇಳಿದೆ. ಈಗ ವಖಾರಿಯ ಹಮಾಲರೂ ನನ್ನನ್ನು ತೋರಿಸಿ, "ಹಂಗ ಬಾರಿಸ್ತಾನ್ರೀ ಇಂವ, ಕರೆಂಟಿಗೂ ತಡ್ಯಾಕ ಆಗಲಿಲ್ಲಂತ" ಎನ್ನುತ್ತಾರೆ. ಬಾಳಾಸಾಬನ ಕಿವಿಗೂ ಬಿದ್ದಿದೆ. ಅವನು ಮಾತ್ರ ಹಲ್ಲು ಕಿಸಿದ.

ಗಣಪತಿಗೆ ಎಂಟು ಕಾರ್ಯಕ್ರಮ ಒಪ್ಪಿದ್ದಾನೆ. ಇಚಲಕರಂಜಿಯಿಂದ ಕ್ಯಾಸಿಯೋದವನೊಬ್ಬ ಬಂದಿದ್ದಾನೆ. ನನಗೆ ಸದ್ಯಕ್ಕೆ ವೈರು ಸುತ್ತಿಡುವ ಕೆಲಸ. ಅಲ್ಲಿ ನೀವು ಸುತ್ತುತ್ತೀರಿ, ಇಲ್ಲಿ ನಾನು ಸುತ್ತುತ್ತೇನೆ.

ಅಥಣಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಪುಡಿಕೆ ತಂಬಾಕು ಕಳಿಸಿದ್ದೇನೆ. ನಿಪ್ಪಾಣಿಯವರು ಇದಕ್ಕಿಂತ ಹೆಚ್ಚಿನದೇನು ಕೊಟ್ಟಾರು? ಬಹಳ ಬಹಳ ಉಪಕಾರವಾಯಿತು ಕಾಕಾ.

ನಿಮ್ಮ ಮಗನಂಥ,
ಅಣ್ಣಾಸಾಬ


ಶೇಡಬಾಳ
ತಾ. 31-8-1988

ಚಿ. ಅಣ್ಣಾಸಾಬನಿಗೆ ಆಶೀರ್ವಾದ.

ಪತ್ರವೂ ಮುಟ್ಟಿತು, ತಂಬಾಕೂ ಮುಟ್ಟಿತು. ತಾರಾಬಾಯಿಯವರು ಪುಡಿಕೆಯ ವಾಸನೆ ಹಿಡಿದು, "ನನ್ನ ಕಟ್ಟಿ ಮ್ಯಾಲ ಉಗುಳಿದೆಂದ್ರ ಅಂಗಡಿ ಖಾಲಿ ಮಾಡಸ್ತೀನಿ ನೋಡ್" ಎಂದಿದ್ದಾರೆ. ಅವರು ಜೈನರು. ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕುವವರಲ್ಲ. ನಾನೋ, ಬಾಯಿ ಮುಚ್ಚಿದ ಹೊತ್ತೇ ಇಲ್ಲ. ಅವರ ಜಾಗದಲ್ಲಿ ಇಪ್ಪತ್ತು ವರ್ಷ ಹೇಗೆ ಬಾಳಿದೆನೋ ಗೊತ್ತಿಲ್ಲ.

ತಂತಿ ಸಿಕ್ಕಿತು. ಮಿರಜಿಯಲ್ಲಿ ರೇಡಿಯೋ ರಿಪೇರಿ ಮಾಡುವ ಮುದುಕನೊಬ್ಬನ ಹತ್ತಿರ ಒಂದು ರೀಲು ಇತ್ತು. ನಾನು ಮೋಟಾರಿಗೆ ಹಾಕುವುದು ಇಪ್ಪತ್ತು, ಇಪ್ಪತ್ತೆರಡು ನಂಬರಿನ ತಂತಿ. ಇದು ನಲವತ್ತಾರು, ನಂಬರು ಹೆಚ್ಚಿದಷ್ಟೂ ತಂತಿ ತೆಳು. ಬಿಳಿ ಧೋತರದ ಮೇಲೆ ಇಟ್ಟರೆ ಕಾಣುವುದಿಲ್ಲ, ಕೈಯಿಂದ ತಡವಿ ಹುಡುಕಬೇಕು. ಉಸಿರು ಬಿಟ್ಟರೆ ಹಾರುತ್ತದೆ. ಇಂಥದ್ದು ಸುಮಾರು ಎಂಟು ಸಾವಿರ ಸುತ್ತು ಬೇಕು ಎಂದ ಅವನು.

ನನ್ನ ಸುತ್ತುವ ಮೆಷಿನ್ನಿಗೆ ಲೆಕ್ಕದ ಮೀಟರ್ ಇದೆ. ಆದರೆ ಅದರ ಎಳೆತಕ್ಕೆ ಈ ತಂತಿ ನಾಲ್ಕನೆಯ ಸುತ್ತಿಗೇ ಕಡಿಯಿತು. ಮೆಷಿನ್ ಬಿಟ್ಟು ಒಂದು ಸೈಕಲ್ ಕಡ್ಡಿಗೆ ಕಾಯಿಲ್ ಸುತ್ತುವ ಅಚ್ಚನ್ನು ಸಿಕ್ಕಿಸಿ ಬೆರಳಲ್ಲೇ ತಿರುವಿದೆ. ಮುನ್ನೂರಕ್ಕೆ ಕಡಿಯಿತು. ಸಾವಿರದ ನೂರಕ್ಕೆ ಕಡಿಯಿತು. ನಿನ್ನೆ ನಾಲ್ಕು ಸಾವಿರ ದಾಟಿದ್ದೆ. ಅಷ್ಟರಲ್ಲಿ ರೈತನೊಬ್ಬ ಬಂದು, "ಕಾಕಾ, ನಮ್ಮ ಮೋಟಾರ್ ಆತೇನ್ರಿ?" ಎಂದು ಹೆಗಲು ಮುಟ್ಟಿದ. ತಂತಿಯೂ ಹೋಯಿತು, ಲೆಕ್ಕವೂ ಹೋಯಿತು. ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಇಲ್ಲಿಯ ತನಕ ಹನ್ನೊಂದು ಸಲ ಕಡಿದಿದೆ.

ಇನ್ನೊಂದು ಮಾತು. ಸಾಲು ಸಾಲಿಗೂ ಉಪಕಾರ ಎಂದು ಬರೆಯಬೇಡ. ಓದಲು ನನಗೆ ಕಷ್ಟವಾಗುತ್ತದೆ. ನೀನು ಬಾರಿಸಿದ ಜೋರಿಗೆ ಸುಟ್ಟಿತು ಎಂದು ಊರೆಲ್ಲ ಹೇಳಿಕೊಂಡೂ ತಿರುಗಬೇಡ. ಬಾರಿಸಿದರೆ ಕಾಯಿಲ್ ಸುಡುವುದಿಲ್ಲ.

ಇಂತಿ,
ಭೀಮಗೊಂಡ


ನಿಪ್ಪಾಣಿ
ತಾ. 20-9-1988

ತೀರ್ಥರೂಪ ಸಮಾನ ಕಾಕಾ ಅವರಿಗೆ ನಮಸ್ಕಾರಗಳು.

ಬಾರಿಸಿದರೆ ಸುಡುವುದಿಲ್ಲ ಎಂದು ಬರೆದಿದ್ದೀರಿ. ಮತ್ತೆ ಹೇಗೆ ಸುಟ್ಟಿತು? ನಾನೇನಾದರೂ ತಪ್ಪು ಜೋಡಣೆ ಮಾಡಿದ್ದೆನೋ ಏನೋ. ಹಾಗಿದ್ದರೆ ಸಂಕೋಚಪಡದೆ ಬೈದು ಬರೆಯಿರಿ, ಇನ್ನೊಮ್ಮೆ ಆಗಬಾರದು.

ಗಣಪತಿಯ ಕಾರ್ಯಕ್ರಮಗಳು ನಡೆದಿವೆ. ಕ್ಯಾಸಿಯೋದವನು ಒಳ್ಳೆಯವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಾನು ಎರಡು ವರ್ಷ ಕೂತು ಕಲಿತ ತುಣುಕನ್ನು ಅವನು ಒಂದು ಬೆರಳಲ್ಲಿ ಬಾರಿಸುತ್ತಾನೆ, ಇನ್ನೊಂದು ಕೈಯಲ್ಲಿ ಚಹಾ ಕುಡಿಯುತ್ತಿರುತ್ತಾನೆ. ನಾನು ಸ್ಪೀಕರಿನ ಪಕ್ಕ ವೈರು ಹಿಡಿದು ನಿಂತಿರುತ್ತೇನೆ. ಮೊನ್ನೆ ಚಿಕ್ಕೋಡಿಯಲ್ಲಿ ಜನರ ನಡುವೆ ಯಾರೋ, "ಗಿಟಾರ್‌ದಾಂವ ಎಲ್ಲಿ ಹೋದ್ನೋ?" ಎಂದು ಕೂಗಿದರು. ನನಗೆ ಏನಾಯಿತೋ, ಸ್ಪೀಕರಿನ ಹಿಂದೆ ಕೂತುಬಿಟ್ಟೆ. ಕಾರ್ಯಕ್ರಮ ಮುಗಿಯುವ ತನಕ ಏಳಲಿಲ್ಲ.

ಬಾಳಾಸಾಬ ಈಗ ದಿನ ಗೊತ್ತು ಮಾಡಿದ್ದಾನೆ. ದೀಪಾವಳಿ ಪಾಡ್ಯದ ಮಾರನೆಯ ದಿನ ಗಿಟಾರ್ ತಂದು ಅವನ ಮುಂದೆ ಬಾರಿಸಬೇಕು. ಆವಾಜು ಮನಸ್ಸಿಗೆ ಬಂದರೆ ಇಟ್ಟುಕೊಳ್ಳುತ್ತಾನೆ. ಇಲ್ಲವಾದರೆ ಕ್ಯಾಸಿಯೋ ಕಾಯಂ. ಅವನನ್ನೂ ತಪ್ಪು ಎನ್ನಲಾರೆ, ಒಬ್ಬ ಬಂದು ನಾಲ್ವರ ಕೆಲಸ ಮಾಡಿದರೆ ಯಾರು ಬೇಡ ಎನ್ನುತ್ತಾರೆ?

ಉಪಕಾರ ಎಂದು ಬರೆಯಬೇಡ ಎಂದಿರಿ. ನನ್ನ ಹತ್ತಿರ ಕೊಡಲು ಬೇರೇನಿದೆ ಕಾಕಾ? ಈ ವರ್ಷದಲ್ಲಿ ನನ್ನ ಪಾಲಿಗೆ ಬಂದ ಒಳ್ಳೆಯ ಸುದ್ದಿ ನಿಮ್ಮ ಪತ್ರಗಳು ಮಾತ್ರ. ಕಡಿದ ತಂತಿಯ ಸುದ್ದಿಯಾದರೂ ಸರಿ, ಯಾರೋ ಒಬ್ಬರು ನನಗಾಗಿ ಕೂತು ಸುತ್ತುತ್ತಿದ್ದಾರೆ ಎಂದುಕೊಂಡು ವಖಾರಿಗೆ ಹೋಗುತ್ತೇನೆ. ಆದ್ದರಿಂದ ನಿಮ್ಮ ಮಾತು ಮೀರಿ ಮತ್ತೆ ಬರೆಯುತ್ತಿದ್ದೇನೆ, ಉಪಕಾರವಾಯಿತು.

ನಿಮ್ಮ,
ಅಣ್ಣಾಸಾಬ


ಶೇಡಬಾಳ
ತಾ. 28-9-1988

ಅಣ್ಣಾಸಾಬ,

ಕಾಯಿಲ್ ಮುಗಿಯಿತು. ಅದನ್ನು ಮೊದಲು ಹೇಳುತ್ತೇನೆ. ಆಮೇಲಿನದನ್ನು ಓದಿ ನೀನು ಈ ಪತ್ರ ಹರಿದು ಹಾಕಿದರೂ ಇಷ್ಟು ಗೊತ್ತಿರಲಿ.

ಇಲ್ಲಿ ಜೈನರ ದಶಲಕ್ಷಣ ಪರ್ವ ನಡೆಯಿತು. ಹತ್ತು ದಿನದ ವ್ರತ. ತಾರಾಬಾಯಿಯವರು ದಿನಕ್ಕೆ ಒಂದೇ ಹೊತ್ತು ಉಂಡು ಮೌನ ಹಿಡಿದಿದ್ದರು. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಜಪ. ಮೊದಲ ದಿನ ನನ್ನ ತಂತಿ ಹನ್ನೆರಡನೆಯ ಸಲ ಕಡಿದಾಗ ನಾನು ಸೈಕಲ್ ಕಡ್ಡಿ ಬಿಸಾಡಿ ಸುಮ್ಮನೆ ಅವರ ಕೈ ನೋಡುತ್ತ ಕೂತೆ. ಒಂದು ಮಣಿ, ಒಂದು ಮಂತ್ರ. ಹೆಬ್ಬೆರಳು ಆಮೇಲೆ ಇನ್ನೊಂದು ಮಣಿಗೆ ಹೋಗುತ್ತದೆ. ಅವಸರವಿಲ್ಲ, ಆಲಸ್ಯವೂ ಇಲ್ಲ. ಒಂದು ಮಾಲೆ ಮುಗಿದರೆ ತಾಟಿನಲ್ಲಿ ಒಂದು ಲವಂಗ ಇಡುತ್ತಾರೆ.

ನನಗೆ ಹೊಳೆಯಿತು. ಕೈಮುಗಿದು ಕೇಳಿದೆ: "ಅಕ್ಕಾರ, ನಿಮ್ಮ ಒಂದು ಮಣಿಗೆ ನಾ ಒಂದು ಸುತ್ತು ತಿರವ್ತೀನ್ರಿ. ನಿಮ್ಮ ಜಪಕ್ಕ ಅಡ್ಡಿ ಇಲ್ಲಲ್ರಿ?" ಆಗಲಿ ಎಂಬಂತೆ ತಲೆ ಆಡಿಸಿದರು. ಅವತ್ತಿನಿಂದ ಅವರು ಕಟ್ಟೆಯ ಮೇಲೆ, ನಾನು ಕೆಳಗೆ. ಒಂದು ಮಣಿ, ಒಂದು ಸುತ್ತು. ನಾನು ಮಾತಾಡುವ ಹಾಗಿಲ್ಲ, ಲೆಕ್ಕವನ್ನೂ ಇಡುವ ಹಾಗಿಲ್ಲ. ದಿನಕ್ಕೆ ಏಳೋ ಎಂಟೋ ಮಾಲೆ. ಹತ್ತು ದಿನದಲ್ಲಿ ತಂತಿ ಒಮ್ಮೆಯೂ ಕಡಿಯಲಿಲ್ಲ. ನನ್ನ ಅವಸರಕ್ಕೇ ಅದು ಕಡಿಯುತ್ತಿತ್ತು ಎಂದು ಈ ವಯಸ್ಸಿಗೆ ತಿಳಿಯಿತು. ಎಪ್ಪತ್ನಾಲ್ಕು ಲವಂಗಕ್ಕೆ ನಿಲ್ಲಿಸಿದೆ. ನೂರೆಂಟರ ಲೆಕ್ಕದಲ್ಲಿ ಏಳು ಸಾವಿರದ ಒಂಬೈನೂರ ತೊಂಬತ್ತೆರಡು.

ಪರ್ವ ಮುಗಿದ ಮೇಲೆ ಅವರಲ್ಲಿ ಕ್ಷಮಾವಾಣಿ ಎಂದು ಒಂದು ದಿನ. ಅವತ್ತು ಒಬ್ಬರ ಮನೆಗೆ ಒಬ್ಬರು ಹೋಗಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ನಾನು ಜೈನನಲ್ಲ, ನನ್ನ ಹತ್ತಿರ ಯಾರೂ ಬರುವುದಿಲ್ಲ. ಮೊನ್ನೆ ಬೆಳಿಗ್ಗೆ ತಾರಾಬಾಯಿಯವರು ಅಂಗಡಿಗೆ ಬಂದು, ಗ್ರೀಸು ಮೆತ್ತಿದ ನನ್ನ ಮುಂದೆ ಎರಡೂ ಕೈ ಜೋಡಿಸಿದರು. ಎಂಬತ್ತು ವರ್ಷದವರು.

"ಭೀಮಗೊಂಡ, ನನ್ನ ಕಡಿಂದ ಒಂದು ತಪ್ಪ ಆಗೇತಿ. ನಮ್ಮ ಮಾಲ್ಯಾಗ ನೂರೆಂಟಲ್ಲಪಾ, ನೂರಾ ಹನ್ನೊಂದು ಮಣಿ. ಮ್ಯಾಲಿನ ಮೂರು ಲೆಕ್ಕಕ್ಕಲ್ಲ, ದರ್ಶನ, ಜ್ಞಾನ, ಚಾರಿತ್ರ ಅನ್ನೂ ಮೂರು ರತ್ನಕ್ಕ. ನೀ ಅವಕ್ಕೂ ತಿರವಾಕತ್ತಿದ್ದಿ. ಮೊದಲನೇ ದಿನಾನ ನೋಡೀನಿ. ಮೌನ ಇತ್ತು, ಹ್ಯಾಂಗ ಹೇಳ್ಲಿ? ಕೈಸನ್ನಿ ಮಾಡಬಹುದಾಗಿತ್ತು, ಅದನ್ನೂ ಮಾಡಲಿಲ್ಲ. ನಿನ್ನ ಕೆಲಸ ಕೆಟ್ಟಿದ್ರ ದೋಷ ನಂದು. ಕ್ಷಮಾ ಮಾಡು."

ಅಂದರೆ ಇನ್ನೂರಿಪ್ಪತ್ತೆರಡು ಸುತ್ತು ಹೆಚ್ಚಾಗಿವೆ. ಅದರಿಂದ ಕಾಯಿಲ್ಲಿಗೆ ಏನೂ ಆಗಿಲ್ಲ, ಡಬ್ಬಿಯೊಳಗೆ ಸರಿಯಾಗಿ ಕೂತಿದೆ. ಇಲ್ಲದ ತಪ್ಪಿಗೆ ಅವರು ಕೈ ಜೋಡಿಸಿ ನಿಂತಿದ್ದಾರೆ. ಇದ್ದ ತಪ್ಪನ್ನು ಎರಡು ತಿಂಗಳಿಂದ ನುಂಗಿಕೊಂಡು ನಾನು ಅವರ ಕಾಲಬುಡದಲ್ಲಿ ಕೂತು ತಂತಿ ಸುತ್ತಿದ್ದೆ.

ಅಣ್ಣಾಸಾಬ, ಕಾಯಿಲ್ ಸುಟ್ಟವನು ನಾನು.

ನಮ್ಮ ಕಸುಬಿನಲ್ಲಿ ಸೀರೀಸ್ ದೀಪ ಎಂದು ಒಂದು ಇರುತ್ತದೆ. ಮನೆಯ ಕರೆಂಟು, ನಡುವೆ ಒಂದು ಬಲ್ಬು, ಎರಡು ವೈರಿನ ತುದಿ. ಯಾವ ಮೋಟಾರು ಬಂದರೂ ಮೊದಲು ಆ ತುದಿಗಳನ್ನು ಮುಟ್ಟಿಸುತ್ತೇವೆ. ದೀಪ ಹತ್ತಿದರೆ ಕಾಯಿಲ್ ಸರಿ, ಹತ್ತದಿದ್ದರೆ ಕಡಿದಿದೆ. ಬಾವಿಯಿಂದ ಬಂದವನು ನಿನ್ನ ಡಬ್ಬಿ ಬಿಚ್ಚಿ, ವಿಚಾರ ಮಾಡದೆ ಅದನ್ನೇ ಮುಟ್ಟಿಸಿದೆ. ದೀಪ ಹತ್ತಲಿಲ್ಲ. ಸಣ್ಣಗಾದರೂ ಹತ್ತೀತೇನೋ ಎಂದು ಹಿಡಿದುಕೊಂಡೇ ಕೂತೆ. ಹೊಗೆಯ ವಾಸನೆ ಬಂತು. ಕೂದಲಿಗಿಂತ ತೆಳುವಾದ ಎಂಟು ಸಾವಿರ ಸುತ್ತು ದಾಟಿ ಬಲ್ಬು ಹತ್ತಿಸುವಷ್ಟು ಕರೆಂಟು ಬರುವುದೇ ಇಲ್ಲ, ಕಾಯಿಲ್ ಚೆನ್ನಾಗಿದ್ದರೂ ದೀಪ ಹತ್ತುತ್ತಿರಲಿಲ್ಲ ಎಂದು ಮಿರಜಿಯ ಮುದುಕ ಆಮೇಲೆ ಹೇಳಿದ. ಎರಡು ದಿನ ಬಿಟ್ಟು ನಿನ್ನ ಪತ್ರ ಬಂತು, ಪಿನ್ ಅಲುಗಿಸಿದರೆ ಕರಕರ ಎನ್ನುತ್ತದೆ ಎಂದು. ನಿನ್ನ ಕಾಯಿಲ್ ಬದುಕಿತ್ತು. ಸಾಕೆಟ್ಟಿನ ಬೆಸುಗೆ ಬಿಟ್ಟಿತ್ತು, ಅಷ್ಟೇ. ಹತ್ತು ನಿಮಿಷದ ಕೆಲಸ.

ಸುಟ್ಟ ಮೋಟಾರಿಗೆ ಭೀಮಗೊಂಡ ಜೀವ ಕೊಡುತ್ತಾನೆ ಎಂದು ಶೇಡಬಾಳದಿಂದ ಕಾಗವಾಡದ ತನಕ ಹೆಸರಿದೆ. ಬದುಕಿದ್ದನ್ನು ಸುಟ್ಟೆ ಎಂದು ಬರೆಯಲು ಕೈ ಬರಲಿಲ್ಲ. ನೀನು ಸ್ಪೀಕರಿನ ಹಿಂದೆ ಕೂತದ್ದು ನನ್ನಿಂದ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ತಾರಾಬಾಯಿಯವರಿಗೆ ಅಲ್ಲೇ ಎಲ್ಲವನ್ನೂ ಹೇಳಿದೆ. ಅವರು, "ನನ್ನ ಮುಂದ ಯಾಕ ಹೇಳ್ತೀ? ಅಂವಗ ಬರಿ" ಎಂದು ಒಳಗೆ ಹೋದರು.

ನೀನು ಬರೆದ ಮೂರು ಪತ್ರಗಳನ್ನು ಇದರೊಳಗೇ ಇಟ್ಟು ಕಳಿಸುತ್ತಿದ್ದೇನೆ. ಅದರಲ್ಲಿನ ಉಪಕಾರದ ಮಾತುಗಳು ಬೇರೆ ಯಾರಿಗೋ ಬರೆದವು. ಅವನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ.

ಕ್ಷಮೆ ಕೇಳುವ,
ಭೀಮಗೊಂಡ


ಶೇಡಬಾಳ
ತಾ. 19-10-1988

ಅಣ್ಣಾಸಾಬ,

ನಿನ್ನ ಉತ್ತರ ಬಂದಿಲ್ಲ. ಬರಬೇಕೆಂದು ಹೇಳುವ ಮುಖ ನನಗಿಲ್ಲ.

ಗಿಟಾರನ್ನು ಕೌದಿಯಲ್ಲಿ ಸುತ್ತಿ, ತಂಬಾಕು ತಂದುಕೊಟ್ಟ ಅದೇ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೌದಿ ತಾರಾಬಾಯಿಯವರದು. ಕಾಯಿಲ್ ಗಟ್ಟಿಯಾಗಿ ಕೂತು ಸ್ಪೀಕರಿನಲ್ಲಿ ಸಿಳ್ಳೆ ಹೊಡೆಯದಿರಲೆಂದು ಕರಗಿದ ಮೇಣದಲ್ಲಿ ಅದ್ದಿದ್ದೇನೆ. ಮಿರಜಿಯವನು ಜೇನುಮೇಣ ಬೆರೆಸು ಎಂದಿದ್ದ. ಜೈನರು ಜೇನು ಮುಟ್ಟುವವರಲ್ಲ. ಅವರ ಜಪ ಹಿಡಿದು ಸುತ್ತಿದ ಕಾಯಿಲ್ಲಿಗೆ ಅದನ್ನು ಹಾಕಲು ಮನಸ್ಸಾಗಲಿಲ್ಲ. ಬರೀ ಮೇಣದಬತ್ತಿ ಕರಗಿಸಿದೆ.

ನನ್ನ ಹತ್ತಿರ ಆಂಪ್ಲಿಫೈಯರ್ ಇಲ್ಲ. ಹೇಗೆ ಹಾಡುತ್ತದೆ ಎಂದು ನಾನು ಕೇಳಿಲ್ಲ. ಹಾಡದಿದ್ದರೆ ಮತ್ತೆ ಕಳಿಸು, ಮತ್ತೆ ಸುತ್ತುತ್ತೇನೆ. ಬೈದಾದರೂ ಒಂದು ಕಾರ್ಡು ಬರೆ.

ಭೀಮಗೊಂಡ


ನಿಪ್ಪಾಣಿ
ತಾ. 14-11-1988

ತೀರ್ಥರೂಪ ಸಮಾನ ಭೀಮಗೊಂಡ ಕಾಕಾ ಅವರಿಗೆ ಅಣ್ಣಾಸಾಬನ ನಮಸ್ಕಾರಗಳು.

ಒಂದೂವರೆ ತಿಂಗಳು ನಿಮಗೆ ಬರೆಯಲಿಲ್ಲ. ಮನಸ್ಸಿನಲ್ಲೇ ಬರೆದದ್ದನ್ನು ಕಾಗದಕ್ಕೆ ಇಳಿಸದಿದ್ದದ್ದೇ ಒಳ್ಳೆಯದಾಯಿತು. ಹತ್ತು ನಿಮಿಷದ ಕೆಲಸ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ಗಣಪತಿಯ ಎಂಟೂ ಕಾರ್ಯಕ್ರಮ ಒಂದೊಂದಾಗಿ ನೆನಪಾದವು. ನಾನು ಬಾರಿಸಿದ ಜೋರಿಗೆ ಸುಟ್ಟಿತು ಎಂದು ಊರೆಲ್ಲ ಡಂಗುರ ಹೊಡೆದದ್ದೂ ನೆನಪಾಗಿ ನಾಚಿಕೆಯಾಯಿತು. ಯಾವುದಕ್ಕೆ ಹೆಚ್ಚು ಸಿಟ್ಟು ಬಂತು ಎಂದು ಈಗಲೂ ಹೇಳಲಾರೆ.

ಅವ್ವನಿಗೆ ಪತ್ರ ಓದಿ ಹೇಳಿ, ನೋಡು ನಿನ್ನ ದೇವರಂಥಾ ಮನುಷ್ಯನನ್ನು ಎಂದೆ. ಅವ್ವ ಬೀಡಿಗೆ ದಾರ ಸುತ್ತುವುದನ್ನು ನಿಲ್ಲಿಸಿದಳು. ಅವಳ ಕೈ ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ. "ಸುಟ್ಟಾಂವನ ಹೇಳ್ಯಾನಲ್ಲೋ. ಹೇಳದಿದ್ರ ನಿನಗ ಸಾಯೂತನಾ ಗೊತ್ತಾಗ್ತಿದ್ದಿಲ್ಲ. ಸುಟ್ಟು ಸುಮ್ನ ಕುಂತಾರು ಊರ ತುಂಬ ಅದಾರ" ಎಂದಳು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಗಿಟಾರ್ ಬಂದ ಮೇಲೂ ಮೂರು ವಾರ ಕೌದಿ ಬಿಚ್ಚಲಿಲ್ಲ.

ಪಾಡ್ಯದ ಮಾರನೆಯ ದಿನ ವಿಧಿಯಿಲ್ಲದೆ ಹೊತ್ತುಕೊಂಡು ಹೋದೆ. ವಖಾರಿಯ ಹಿಂದಿನ ಅಂಗಳ, ಮಧ್ಯಾಹ್ನ. ಬಾಳಾಸಾಬ ಕುರ್ಚಿ ಹಾಕಿಕೊಂಡು ಕೂತಿದ್ದ. ಕ್ಯಾಸಿಯೋದವನೂ ಇದ್ದ. ಪಿನ್ ಚುಚ್ಚಿದೆ. ಒಂದೇ ಒಂದು ತಂತಿ ಮೀಟಿದೆ.

ಕಾಕಾ, ಅದು ನನ್ನ ಹಳೆಯ ಗಿಟಾರಿನ ಆವಾಜಲ್ಲ. ಮೊದಲು ಅದು ಚೂಪಾಗಿ, ಅಂಗಳ ದಾಟುವುದರೊಳಗೆ ಆರಿಹೋಗುತ್ತಿತ್ತು. ಈಗ ತುಂಬಿ ಬರುತ್ತದೆ, ಮೀಟಿದ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾನು ಬೆರಳಿಟ್ಟು ಅದನ್ನು ನಿಲ್ಲಿಸುವುದನ್ನೇ ಮರೆತೆ. ಸಿಳ್ಳೆ ಇಲ್ಲ, ಕರಕರ ಇಲ್ಲ. ಬಾಳಾಸಾಬ, "ಇದು ಮೊದಲಿನ ಆವಾಜ್ ಅಲ್ಲಲ್ಲೋ" ಎಂದ. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಹೂಂ, ನಿಲ್ಲಿಸಬ್ಯಾಡ. ಬಾರಸು" ಎಂದ. ಎರಡು ವರ್ಷ ಕಲಿತದ್ದನ್ನೆಲ್ಲ ಬಾರಿಸಿದೆ. ಕ್ಯಾಸಿಯೋದವನು ತನ್ನ ಗಿಟಾರಿನ ಬಟನ್ ಒಮ್ಮೆ ಒತ್ತಿ ನೋಡಿ, ತಾನೇ ನಕ್ಕು, ಪಿಟೀಲಿನ ಬಟನ್ ಒತ್ತಿ ನನ್ನ ಹಿಂದೆ ಬಂದ. ಇಬ್ಬರೂ ಇರಲಿ ಎಂದ ಬಾಳಾಸಾಬ. ತುಳಸಿ ಲಗ್ನದ ಮೇಲಿನ ಮೊದಲ ಮದುವೆಗೆ ನನ್ನ ಹೆಸರೂ ಇದೆ.

ಯಾರು ಕಟ್ಟಿದರೋ ಎಂದು ಬಾಳಾಸಾಬ ಕೇಳಿದ. ಶೇಡಬಾಳದ ಭೀಮಗೊಂಡ ಕಾಕಾ ಸುತ್ತಿದರು, ತಾರಾಬಾಯಿ ಅಜ್ಜಿ ಎಣಿಸಿದರು ಎಂದೆ. ಮೊದಲು ಸುಟ್ಟದ್ದು ಹೇಗೆ ಎಂದೂ ಕೇಳಿದ. ಬಾರಿಸಿ ಸುಟ್ಟದ್ದಲ್ಲ, ಹಾಗೆ ಹೇಳಿದ್ದು ಸುಳ್ಳು ಬಡಾಯಿ ಎಂದು ಒಪ್ಪಿಕೊಂಡೆ. ಸುಟ್ಟವರು ನೀವು ಎಂದು ಮಾತ್ರ ಹೇಳಲಿಲ್ಲ. ಹೇಳುವುದು ಬಿಡುವುದು ನಿಮ್ಮದು, ಮತ್ತು ನೀವು ಹೇಳಬೇಕಾದವನಿಗೆ ಆಗಲೇ ಹೇಳಿದ್ದೀರಿ.

ಮೊದಲ ಮದುವೆ ಕಾಗವಾಡದಲ್ಲೇ, ಇದೇ ತಿಂಗಳ ಇಪ್ಪತ್ತೇಳಕ್ಕೆ. ನಾನು ಮಧ್ಯಾಹ್ನ ಮೂರಕ್ಕೇ ಶೇಡಬಾಳದಲ್ಲಿ ಇಳಿಯುತ್ತೇನೆ, ಸಣ್ಣ ಆಂಪ್ಲಿಫೈಯರ್ ತರುತ್ತೇನೆ. ಕೌದಿಯನ್ನೂ ತರುತ್ತೇನೆ. ಅಜ್ಜಿಯ ಸಂಜೆಯ ಊಟದ ಹೊತ್ತಿಗಿಂತ ಮೊದಲೇ ಕಟ್ಟೆಯ ಮೇಲೆ ಬಾರಿಸಬೇಕು. ನೀವು ಸುತ್ತಿದ್ದನ್ನು ನೀವಿಬ್ಬರೂ ಇನ್ನೂ ಕೇಳಿಯೇ ಇಲ್ಲವಲ್ಲ. ಹೆಚ್ಚಾದ ಆ ಇನ್ನೂರಿಪ್ಪತ್ತೆರಡು ಸುತ್ತುಗಳಿಂದಲೇ ಆವಾಜು ತುಂಬಿ ಬಂದಿರಬೇಕು. ಅವಕ್ಕಾಗಿ ಅಜ್ಜಿ ಕ್ಷಮೆ ಕೇಳಬಾರದಿತ್ತು, ನಾನೇ ಅವರ ಕಾಲು ಮುಟ್ಟಬೇಕು.

ಇನ್ನು ನಿಮ್ಮ ಮಾತು. ನೀವು ವಾಪಸು ಕಳಿಸಿದ ನನ್ನ ಮೂರು ಪತ್ರಗಳನ್ನು ಇವತ್ತು ಮತ್ತೆ ಓದಿದೆ. ಏನೂ ತಿಳಿಯದೆ ಬರೆದವು, ನಿಜ. ಈಗ ಎಲ್ಲ ತಿಳಿದಿದೆ. ಸುಟ್ಟವರು ನೀವೇ ಎಂದು ತಿಳಿದಿದೆ, ಹನ್ನೆರಡು ಸಲ ಕಡಿದರೂ ಬಿಡದೆ ಸುತ್ತಿದವರೂ ನೀವೇ ಎಂದು ತಿಳಿದಿದೆ. ಅವುಗಳಲ್ಲಿ ಒಂದು ಅಕ್ಷರವನ್ನೂ ತಿದ್ದದೆ ಈ ಪತ್ರದೊಳಗೆ ಇಟ್ಟು ಮತ್ತೆ ಕಳಿಸುತ್ತಿದ್ದೇನೆ. ಅವು ನಿಮಗೇ ಬರೆದವು.

ಉಪಕಾರವಾಯಿತು ಕಾಕಾ.

ನಿಮ್ಮ ಮಗನಂಥ,
ಅಣ್ಣಾಸಾಬ


ಶೇಡಬಾಳ
ತಾ. 19-11-1988

ಚಿ. ಅಣ್ಣಾಸಾಬನಿಗೆ ಆಶೀರ್ವಾದ.

ಇಪ್ಪತ್ತೇಳಕ್ಕೆ ಬಾ. ತಾರಾಬಾಯಿಯವರು ಮಜ್ಜಿಗೆ ಮಾಡಿಡುತ್ತಾರಂತೆ. ಸೀರೀಸ್ ದೀಪವನ್ನು ಮೊಳೆಗೆ ತೂಗುಹಾಕಿದ್ದೇನೆ. ಈಗ ಯಾವುದೇ ಡಬ್ಬಿ ಬಂದರೂ ಮೊದಲು ಅದರ ಒಡೆಯನನ್ನು ಕೇಳಿ ಆಮೇಲೆ ಬಿಚ್ಚುತ್ತೇನೆ.

ಪತ್ರ ಮುಟ್ಟಿತು. ಜೊತೆಗಿದ್ದ ಮೂರೂ ಮುಟ್ಟಿದವು. ಇಟ್ಟುಕೊಂಡಿದ್ದೇನೆ.

ಇಂತಿ,
ಭೀಮಗೊಂಡ